ದೂರದ ಗ್ರಹಗಳ ಸುತ್ತಿನಲ್ಲಿ 3:2 ಲೆಕ್ಕ ಏಕೆ?

ಚಿಕ್ಕಬಳ್ಳಾಪುರದ ಪಿಯುಸಿ ವಿದ್ಯಾರ್ಥಿಯೊಬ್ಬರ ಪ್ರಶ್ನೆ: ಬೇರೆ ನಕ್ಷತ್ರಗಳ ಗ್ರಹಗಳು 3:2, 4:3ರಂಥ ಅನುಪಾತದಲ್ಲಿ ಸುತ್ತುವುದು ಕಾಕತಾಳೀಯವೇ?

ಅಲ್ಲ. ನಿಮ್ಮ ಊರನ್ನೇ ಸುತ್ತುವ ಎರಡು ಬಸ್ಸುಗಳಿವೆ ಎಂದುಕೊಳ್ಳಿ. ಒಂದಕ್ಕೆ ಸುತ್ತು ಮುಗಿಸಲು 20 ನಿಮಿಷ, ಇನ್ನೊಂದಕ್ಕೆ 30. ಗಂಟೆಯಲ್ಲಿ ಮೊದಲನೆಯದು ಮೂರು ಸುತ್ತು, ಎರಡನೆಯದು ಎರಡು: ಇದೇ 3:2. ಹಾಗಾಗಿ ಗಂಟೆಗೊಮ್ಮೆ ಮೊದಲನೆಯದು ಎರಡನೆಯದನ್ನು ಹಿಂದಿಕ್ಕುತ್ತದೆ, ಅದೂ ಪ್ರತಿ ಸಲ ಅದೇ ಜಾಗದಲ್ಲಿ. ಗ್ರಹಗಳು ಹೀಗೆ ಒಂದೇ ಕಡೆ ಹತ್ತಿರವಾಗುತ್ತಿದ್ದರೆ ಪುಟ್ಟ ಗುರುತ್ವ ಸೆಳೆತಗಳು ಕೂಡುತ್ತ ಹೋಗುತ್ತವೆ. ಇದೇ ಕಕ್ಷೀಯ ಅನುರಣನ.

ಬೇರು ಇರುವುದು ಹುಟ್ಟಿನಲ್ಲಿ. ಎಳೆಯ ನಕ್ಷತ್ರದ ಸುತ್ತಲಿನ ಅನಿಲದ ತಟ್ಟೆ ಗ್ರಹಗಳನ್ನು ಒಳಕ್ಕೆ ಜಾರಿಸುತ್ತದೆ. ಹೊರಗಿನದು ಬೇಗ ಜಾರಿ ಒಳಗಿನದನ್ನು ಸಮೀಪಿಸಿದರೆ ಇಂಥದೊಂದು ಅನುಪಾತದಲ್ಲಿ ಸಿಕ್ಕಿಕೊಳ್ಳುತ್ತದೆ. ಆಮೇಲೆ ಎರಡೂ ಜೋಡಿಯಾಗಿಯೇ ಜಾರುತ್ತವೆ.

2023ರಲ್ಲಿ ಪ್ರಕಟವಾದ ಎಚ್‌ಡಿ 110067 ಎಂಬ ನಕ್ಷತ್ರದ ಗ್ರಹವ್ಯವಸ್ಥೆಯನ್ನು ನೋಡಿ. ಆರು ಗ್ರಹಗಳು, ಅಕ್ಕಪಕ್ಕದ ಜೋಡಿಗಳಲ್ಲಿ ಮೂರು ಸಲ 3:2, ಎರಡು ಸಲ 4:3. ಅತಿ ಒಳಗಿನದು ಆರು ಸುತ್ತು ಹಾಕುವಷ್ಟರಲ್ಲಿ ಅತಿ ಹೊರಗಿನದು ಒಂದು ಸುತ್ತು. ಹೊರಗಿನ ಗ್ರಹಗಳ ಅವಧಿಯನ್ನು ಮೊದಲು ಈ ಲೆಕ್ಕದಿಂದಲೇ ಊಹಿಸಿ, ನಂತರ ದತ್ತಾಂಶದಲ್ಲಿ ಪತ್ತೆಹಚ್ಚಿದರು ಎಂಬುದೇ ನನಗೆ ಹೆಚ್ಚು ಮೆಚ್ಚುಗೆಯಾದ ಸಂಗತಿ.

ಇಂಥ ಸರಪಳಿ ಅಪರೂಪ, ಅದನ್ನೂ ಹೇಳಬೇಕು. ಅನಿಲ ಚದುರಿದ ಮೇಲೆ ಗ್ರಹಗಳ ಪರಸ್ಪರ ಸೆಳೆತವೇ ಹೆಚ್ಚಿನ ಕಡೆ ಅದನ್ನು ಮುರಿದಿರಬೇಕು ಎಂಬುದು ಪ್ರಬಲ ವಾದ.