ದೈಹಿಕ ಶಿಕ್ಷಣದ ಜೊತೆಗೆ ಶಿಬಿರ ನಾಯಕತ್ವ, ಮನೋವಿಜ್ಞಾನ ಎರಡನ್ನೂ ಓದಬೇಕೇ?

ದೈಹಿಕ ಶಿಕ್ಷಣದ ಪದವಿಗೆ ಸೇರಿರುವ ನೀವು ಶಿಬಿರ ನಾಯಕತ್ವ, ಮನೋವಿಜ್ಞಾನ ಎರಡನ್ನೂ ಐಚ್ಛಿಕ ವಿಷಯಗಳಾಗಿ ಆರಿಸಿಕೊಳ್ಳಬೇಕೇ, ಮೊದಲನೆಯದೊಂದೇ ಸಾಕೇ ಎಂದು ಕೇಳಿದ್ದೀರಿ. ಎರಡನ್ನೂ ಆರಿಸಿಕೊಳ್ಳಿ, ಸಾಧ್ಯವಾದರೆ ಮನೋವಿಜ್ಞಾನವನ್ನು ಶಿಬಿರಕ್ಕೆ ಹೋಗುವ ಮೊದಲೇ ಓದಿ. ನಾನು ಮೂರನ್ನೂ ಓದಿದ್ದೇನೆ, ಆದರೆ ಮನೋವಿಜ್ಞಾನವನ್ನು ಕೊನೆಗೆ ಓದಿದೆ. ಅದರ ಫಲವನ್ನು ನನ್ನ ಶಿಬಿರದ ಮಕ್ಕಳು ಉಣ್ಣಬೇಕಾಯಿತು.

ಮೊದಲ ಶಿಬಿರದಲ್ಲಿ ನಾನು ಮಕ್ಕಳನ್ನು ಎರಡು ತಂಡ ಮಾಡಿ, ಹಗ್ಗಜಗ್ಗಾಟದಿಂದ ಗುಡಾರದ ಸ್ವಚ್ಛತೆಯವರೆಗೆ ಎಲ್ಲದಕ್ಕೂ ಅಂಕ ಕೊಟ್ಟು, ದಿನವೂ ಫಲಕದಲ್ಲಿ ಬರೆಯುತ್ತಿದ್ದೆ. ಆಟ ಆಡಿಸುವುದು, ಗಾಯಕ್ಕೆ ಪಟ್ಟಿ ಕಟ್ಟುವುದು ನನಗೆ ಚೆನ್ನಾಗಿ ಗೊತ್ತಿತ್ತು. ಮೂರನೆಯ ದಿನದ ಹೊತ್ತಿಗೆ ಎರಡು ತಂಡಗಳ ಮಕ್ಕಳು ಒಟ್ಟಿಗೆ ಊಟಕ್ಕೆ ಕೂರಲೂ ಒಪ್ಪದಾದಾಗ, ಅದನ್ನು ಮಕ್ಕಳ ದುರ್ನಡತೆಯೆಂದು ತಿಳಿದು ಗದರಿಸಿದೆ.

ಮುಂದೆ ಸಾಮಾಜಿಕ ಮನೋವಿಜ್ಞಾನದ ತರಗತಿಯಲ್ಲಿ ಮುಜಫರ್ ಶೆರಿಫ್ ಮತ್ತು ಸಂಗಡಿಗರು 1954ರಲ್ಲಿ ಅಮೆರಿಕದ ಓಕ್ಲಹಾಮಾದ ಬೇಸಿಗೆ ಶಿಬಿರವೊಂದರಲ್ಲಿ ನಡೆಸಿದ ಪ್ರಯೋಗವನ್ನು ಕಲಿತೆ. ಸುಮಾರು ಹನ್ನೊಂದು ವರ್ಷದ 22 ಹುಡುಗರನ್ನು ಎರಡು ಗುಂಪು ಮಾಡಿ ಬಹುಮಾನಕ್ಕಾಗಿ ಸ್ಪರ್ಧೆಗೆ ಹಚ್ಚಿದ ಕೆಲವೇ ದಿನಗಳಲ್ಲಿ ಒಂದು ಗುಂಪು ಇನ್ನೊಂದರ ಬಾವುಟ ಸುಟ್ಟಿತ್ತು, ಎರಡೂ ಗುಂಪಿನವರು ಪರಸ್ಪರರ ಕೋಣೆಗಳಿಗೆ ನುಗ್ಗತೊಡಗಿದ್ದರು. ಬರೀ ಜೊತೆಯಲ್ಲಿ ಊಟಕ್ಕೆ ಕೂರಿಸಿದ್ದರಿಂದ ಹಗೆ ಇಳಿಯಲಿಲ್ಲ. ನಿಂತುಹೋದ ಟ್ರಕ್ಕನ್ನು ಹಗ್ಗಜಗ್ಗಾಟದ ಹಗ್ಗದಿಂದಲೇ ಎಲ್ಲರೂ ಸೇರಿ ಎಳೆಯುವಂಥ, ಒಂದೇ ಗುಂಪಿನಿಂದ ಆಗದ ಕೆಲಸಗಳು ಮತ್ತೆ ಮತ್ತೆ ಎದುರಾದ ಮೇಲೆ ಇಳಿಯಿತು. ತಮ್ಮ ಮೇಲೆ ಪ್ರಯೋಗ ನಡೆಯುತ್ತಿದೆಯೆಂದು ಆ ಹುಡುಗರಿಗೆ ತಿಳಿಸಿರಲಿಲ್ಲ ಎಂಬುದು ನನ್ನನ್ನು ಇಂದಿಗೂ ಕಾಡುತ್ತದೆ. ಆದರೂ ನನ್ನ ಶಿಬಿರದಲ್ಲಿ ತಪ್ಪಿದ್ದು ಮಕ್ಕಳಲ್ಲ, ನಾನು ನೆಟ್ಟ ಆ ಫಲಕ ಎಂಬುದು ಅಂದು ಸ್ಪಷ್ಟವಾಯಿತು. ಈಗ ನಾನು ತಂಡಗಳನ್ನು ದಿನವೂ ಬದಲಿಸುತ್ತೇನೆ. ನೀರು ತುಂಬುವುದು, ಗುಡಾರ ಹಾಕುವುದು ಎಲ್ಲರೂ ಕೂಡಿ ಮಾಡುವ ಕೆಲಸಗಳು.

ಮೈದಾನದ ಪಾಠಕ್ಕೂ ಈ ಓದು ಬೇಕು. ಅಮೆರಿಕದ ಮನೋವಿಜ್ಞಾನಿ ನಾರ್ಮನ್ ಟ್ರಿಪ್ಲೆಟ್ 1898ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ಮಕ್ಕಳು ಗಾಳದ ರಾಟೆಯನ್ನು ಒಮ್ಮೆ ಒಬ್ಬೊಬ್ಬರಾಗಿ, ಇನ್ನೊಮ್ಮೆ ಜೊತೆಗಾರನ ಎದುರು ಸುತ್ತಿದರು. ಹಲವರ ವೇಗ ಹೆಚ್ಚಿತು, ಕೆಲವರು ಉದ್ವೇಗಗೊಂಡು ನಿಧಾನವಾದರು. ಎಲ್ಲರೆದುರು ಓಡಿಸಿದಾಗ ಹಿಂದೆ ಬೀಳುವ ಮಗುವನ್ನು ಸೋಮಾರಿಯೆಂದು ಕರೆಯುವ ಶಿಕ್ಷಕರು ಇದನ್ನು ಓದಬೇಕೆಂದು ನನ್ನ ಬಲವಾದ ಅನಿಸಿಕೆ.

ಮನೋವಿಜ್ಞಾನದಲ್ಲಿ ಮಕ್ಕಳ ಬೆಳವಣಿಗೆ ಮತ್ತು ಗುಂಪಿನ ವರ್ತನೆಯ ಪತ್ರಿಕೆಗಳಿಗೆ ಮೊದಲ ಸ್ಥಾನ ಕೊಡಿ. ಉಳಿದವು ನಂತರ ಬರಲಿ. ಶಿಬಿರ ನಾಯಕತ್ವಕ್ಕೆ ಹೆಸರು ಬರೆಸುವ ಮುನ್ನ, ಅದರಲ್ಲಿ ರಾತ್ರಿ ತಂಗುವ ಶಿಬಿರ ಎಷ್ಟು ದಿನ ಇದೆಯೆಂದು ವಿಚಾರಿಸಿ. ಹಗಲೆಲ್ಲ ನಗುನಗುತ್ತಾ ಆಡಿದ ಮಗು ದೀಪ ಆರಿದ ಮೇಲೆ ಮನೆಯನ್ನು ನೆನೆದು ಅಳುವಾಗ ಅದರ ಪಕ್ಕದಲ್ಲಿ ಕೂತು ಏನು ಹೇಳಬೇಕು, ಯಾವಾಗ ಸುಮ್ಮನಿರಬೇಕು ಎಂಬುದನ್ನು ಸಂಜೆಗೆ ಮುಗಿಯುವ ಶಿಬಿರದಲ್ಲಿ ಕಲಿಯಲಾಗದು.