ಪ್ರೋಗ್ರಾಮಿಂಗ್ ಬರುತ್ತದೆ, ಸ್ವರಲಿಪಿ ಬರುವುದಿಲ್ಲ. ಕೋಡ್ ಬರೆದೇ ಸಂಗೀತ ರಚಿಸಲು ಲಿಲಿಪಾಂಡ್ ಒಳ್ಳೆಯದೋ, ಸೋನಿಕ್ ಪೈ ಒಳ್ಳೆಯದೋ?

ಆರು ವರ್ಷಗಳ ಹಿಂದೆ ನಾನೂ ಇದೇ ಪ್ರಶ್ನೆ ಹಿಡಿದುಕೊಂಡು ಅಲೆದಿದ್ದೆ. ಐದು ಗೆರೆಗಳ ಸ್ವರಲಿಪಿಯ ಗೊಡವೆಯೇ ಬೇಡ, ಕೀಲಿಮಣೆಯಲ್ಲೇ ಎಲ್ಲವನ್ನೂ ಮುಗಿಸುತ್ತೇನೆ ಎಂದು ಹೊರಟವನು ನಾನು.

ಫ್ಲೂಟ್, ವಯೊಲಿನ್, ಚೆಲ್ಲೊ ನುಡಿಸುವ ಮೂವರು ಗೆಳೆಯರಿಗಾಗಿ ಆರು ನಿಮಿಷದ ರಚನೆಯೊಂದನ್ನು ಕೈಗೆತ್ತಿಕೊಂಡಿದ್ದೆ. 1996ರಲ್ಲಿ ಆರಂಭವಾದ, ಸ್ವರಲಿಪಿ ಅಚ್ಚುಮಾಡುವ ತಂತ್ರಾಂಶ ಲಿಲಿಪಾಂಡ್ ಅನ್ನೇ ಆರಿಸಿಕೊಂಡೆ. ಸಾದಾ ಪಠ್ಯ ಕಡತದಲ್ಲಿ ಸ್ವರದ ಅಕ್ಷರ (ಎಯಿಂದ ಜಿವರೆಗಿನ ಇಂಗ್ಲಿಷ್ ಅಕ್ಷರಗಳಲ್ಲೊಂದು) ಬರೆದು, ಪಕ್ಕದಲ್ಲಿ ಅದರ ಕಾಲಾವಧಿಯ ಅಂಕಿ ಹಾಕಿದರೆ ಪುಸ್ತಕದಲ್ಲಿ ಅಚ್ಚಾದಂಥ ಸ್ವರಲಿಪಿ ಸಿದ್ಧವಾಗುತ್ತದೆ. ಕಡತ ಪಠ್ಯವೇ ಆದ್ದರಿಂದ ಪ್ರತಿ ಬದಲಾವಣೆಯನ್ನೂ ಗಿಟ್‌ನಲ್ಲಿ ಉಳಿಸಿಕೊಳ್ಳಬಹುದು. ನನಗೆ ಹಿಡಿಸಿದ್ದೂ ಅದೇ.

ಈಗ ತಪ್ಪಿಗೆ ಬರುತ್ತೇನೆ. ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು.

ಲಿಲಿಪಾಂಡ್‌ನಲ್ಲಿ ‘ರಿಲೇಟಿವ್’ ಎಂಬ ಬರೆಯುವ ವಿಧಾನವೊಂದಿದೆ. ಪ್ರತಿ ಸ್ವರಕ್ಕೂ ಸ್ಥಾಯಿ ಯಾವುದೆಂದು ನಾವು ಹೇಳಬೇಕಾಗಿಲ್ಲ. ಹಿಂದಿನ ಸ್ವರಕ್ಕೆ ಹತ್ತಿರ ಯಾವುದೋ ಅದನ್ನೇ ತಂತ್ರಾಂಶ ಹಿಡಿಯುತ್ತದೆ. ‘ಸಿ’ ಆದಮೇಲೆ ಬರಿಯ ‘ಜಿ’ ಬರೆದರೆ ಕೆಳಗಿನ ಜಿ ಬರುತ್ತದೆ, ಏಕೆಂದರೆ ಅದೇ ಹತ್ತಿರ. ಮೇಲಿನ ಜಿ ಬೇಕಿದ್ದರೆ ಅಕ್ಷರದ ನಂತರ ಒಂದು ಮೇಲ್ಚುಕ್ಕೆ, ಅಂದರೆ ಅಪಾಸ್ಟ್ರಫಿ, ಹಾಕಬೇಕು. ಬೆರಳಿಗೆ ಕೆಲಸ ಕಡಿಮೆ. ಫ್ಲೂಟ್‌ನ ಭಾಗವನ್ನೆಲ್ಲ, ಮೊದಲಿನಿಂದ ಕೊನೆಯವರೆಗೆ, ನಾನು ಇಂಥ ಒಂದೇ ಆವರಣದೊಳಗೆ ಬರೆದಿದ್ದೆ.

ಅಭ್ಯಾಸದ ಹಿಂದಿನ ರಾತ್ರಿ 41ನೇ ಬಾರ್, ಅಂದರೆ ತಾಳದ ಒಂದು ಆವರ್ತದಷ್ಟು ಭಾಗ, ಯಾಕೋ ಎಳೆದಂತೆ ಅನ್ನಿಸಿತು. ಮೂರೂ ವಾದ್ಯಗಳಿಂದ ಆ ಒಂದೊಂದು ಸಾಲನ್ನು ಅಳಿಸಿದೆ. ಫ್ಲೂಟ್‌ನ 40ನೇ ಬಾರ್ ಸಿ ಸ್ವರದಲ್ಲಿ ಮುಗಿದು, 41 ಮೇಲ್ಚುಕ್ಕೆಯ ಜಿಯಿಂದ ಜಿಗಿದು ಜಿಯಲ್ಲೇ ನಿಂತು, 42 ಅದರ ಮೇಲಿನ ‘ಎ’ಯಿಂದ ಆರಂಭವಾಗುತ್ತಿತ್ತು. 41 ಹೋದಾಗ ಆ ಮೇಲ್ಚುಕ್ಕೆಯೂ ಹೋಯಿತು. ಈಗ ಎ ಸ್ವರದ ಹಿಂದೆ ಇರುವುದು ಸಿ. ಸಿಗೆ ಹತ್ತಿರವಿರುವುದು ಕೆಳಗಿನ ಎ. ಮುಂದಿನ ಸ್ವರ ಆ ಎಯನ್ನು ನೋಡಿಕೊಂಡಿತು, ಅದರ ಮುಂದಿನದು ಅದನ್ನು. ಕೊನೆಯ ಸ್ವರದವರೆಗೆ ಇಡೀ ಫ್ಲೂಟ್ ಒಂದು ಸ್ಥಾಯಿ ಕೆಳಗೆ ಕುಸಿದಿತ್ತು.

ತಂತ್ರಾಂಶ ಒಂದೂ ಎಚ್ಚರಿಕೆ ಕೊಡಲಿಲ್ಲ. ಬಾರ್‌ಗಳ ನಡುವೆ ನಾವು ಹಾಕುವ ನಿಂತ ಗೆರೆ ಕಾಲಾವಧಿಯ ಲೆಕ್ಕ ತಪ್ಪಿದರೆ ಹಿಡಿದುಕೊಡುತ್ತದೆ, ಸ್ಥಾಯಿ ತಪ್ಪಿದರೆ ಅದಕ್ಕೆ ತಿಳಿಯುವುದೇ ಇಲ್ಲ. ಗಿಟ್ ತೋರಿಸಿದ್ದು ಮೂರು ಸಾಲು ಹೋಗಿವೆ ಎಂದಷ್ಟೇ. ಕಂಪ್ಯೂಟರ್ ನುಡಿಸಬಲ್ಲ ಮಿಡಿ ಕಡತ ಕೇಳಿದ್ದರೆ ಗೊತ್ತಾಗುತ್ತಿತ್ತು. ಕಂಪೈಲ್ ಆಯಿತಲ್ಲ, ಸರಿಯಿದೆ ಎಂದುಕೊಂಡು ಮುದ್ರಿಸಿಬಿಟ್ಟೆ. ಕೋಡ್ ಬರೆಯುವವರ ಈ ಅಭ್ಯಾಸ ಸಂಗೀತಕ್ಕೆ ಹೊಂದುವುದಿಲ್ಲ: ದೋಷವಿಲ್ಲದೆ ಮುದ್ರಣವಾಗುವುದಕ್ಕೂ ನುಡಿಸಲು ಬರುವುದಕ್ಕೂ ಸಂಬಂಧವೇ ಇಲ್ಲ.

ಮರುದಿನ ಫ್ಲೂಟ್ ನುಡಿಸುವ ಗೆಳತಿ ಅರ್ಧದಲ್ಲೇ ನಿಲ್ಲಿಸಿದರು. ಮಧ್ಯ ಸಿಗಿಂತ (ಪಿಯಾನೊದ ನಡುವಿನ ಸಿ) ಮೂರು ಸ್ವರ ಕೆಳಗಿನ ಜಿಯ ಮೇಲೆ ಬೆರಳಿಟ್ಟು, “ಇದು ನನ್ನ ವಾದ್ಯದಲ್ಲೇ ಇಲ್ಲ” ಎಂದರು. ಎಲ್ಲಿಂದ ಕೆಟ್ಟಿದೆ ಎಂದು ಹುಡುಕಲು ಹೋದರೆ ನನ್ನದೇ ಹಾಳೆಯನ್ನು ಓದಲು ನನಗೆ ಬರುತ್ತಿರಲಿಲ್ಲ. ಮೂವರೂ ಬಿಡುವು ಮಾಡಿಕೊಂಡು ಬಂದಿದ್ದ ಆ ಮೂರು ಗಂಟೆ ನನ್ನಿಂದಾಗಿ ಹಾಳಾಯಿತು. ಅದು ಈಗಲೂ ನನ್ನನ್ನು ಕೊರೆಯುತ್ತದೆ.

ಆದ್ದರಿಂದ ‘ಸ್ವರಲಿಪಿ ಕಲಿಯದೆ’ ಎಂಬ ನಿಮ್ಮ ಷರತ್ತನ್ನು ನಾನು ಒಪ್ಪುವುದಿಲ್ಲ. ಮನುಷ್ಯರು ನುಡಿಸುವುದಾದರೆ ಅವರ ಕಣ್ಣ ಮುಂದಿರುವುದು ನಿಮ್ಮ ಕೋಡ್ ಅಲ್ಲ, ಆ ಹಾಳೆ. ಅದನ್ನು ಓದಲು ಕಲಿಯಿರಿ, ನಿಧಾನವಾಗಿ ಓದಿದರೂ ಸಾಕು. ಕಂಪ್ಯೂಟರೇ ನುಡಿಸುವುದಾದರೆ ಕೋಡನ್ನು ನೇರ ಧ್ವನಿಯಾಗಿಸುವ ಸೋನಿಕ್ ಪೈ ಸಾಕು. ಅಲ್ಲಿ 60 ಎಂದರೆ ಮಧ್ಯ ಸಿ, 72 ಎಂದರೆ ಅದರ ಮೇಲಿನ ಸಿ, ಹಿಂದೆ ಯಾವ ಸ್ವರವಿತ್ತು ಎಂಬುದು ಲೆಕ್ಕಕ್ಕೇ ಬರುವುದಿಲ್ಲ. ಎರಡೂ ಬೇರೆ ಬೇರೆ ಕೆಲಸದ ಉಪಕರಣಗಳು, ಹೋಲಿಸಿ ಫಲವಿಲ್ಲ. ಒಂದೇ ಎಳೆಯ ರಾಗವನ್ನು ಬೇಗ ಗೀಚಿಕೊಳ್ಳಲು, ಸ್ವರಗಳನ್ನು ಅಕ್ಷರಗಳಲ್ಲೇ ಬರೆಯುವ ಎಬಿಸಿ ಲಿಪಿ ನನಗೆ ಇನ್ನೂ ಇಷ್ಟ. ಅದರಲ್ಲಿ ದೊಡ್ಡಕ್ಷರದ ಸಿ ಮಧ್ಯ ಸಿ, ಸಣ್ಣಕ್ಷರದ್ದು ಅದರ ಮೇಲಿನ ಸ್ಥಾಯಿ. ಸ್ವರ ತನ್ನ ಜಾಗವನ್ನು ತಾನೇ ಹೇಳುತ್ತದೆ.

ಲಿಲಿಪಾಂಡ್‌ಗೇ ಹೋಗುವಿರಾದರೆ ಎಂಟೆಂಟು ಬಾರ್‌ಗಳ ತುಣುಕುಗಳನ್ನು ಮಾಡಿ, ಪ್ರತಿಯೊಂದಕ್ಕೂ ಹೆಸರಿಟ್ಟು, ಪ್ರತಿಯೊಂದಕ್ಕೂ ಆರಂಭದ ಸ್ಥಾಯಿಯನ್ನು ಪ್ರತ್ಯೇಕವಾಗಿ ಬರೆಯಿರಿ. ಆಗ ಒಂದನ್ನು ಕಿತ್ತರೂ ಉಳಿದವು ಅಲುಗುವುದಿಲ್ಲ. ರಾಗಗಳನ್ನು ತಾನೇ ಹುಟ್ಟಿಸುವ ಪ್ರೋಗ್ರಾಂ ಬರೆಯುವ ಆಸೆ ನಿಮಗೂ ಬರುತ್ತದೆ. ಬೇಡ, ಈಗಲೇ ಬೇಡ. ಮೊದಲು ಎಂಟು ಬಾರ್ ಬಾಯಲ್ಲಿ ಹಾಡಿ, ಆಮೇಲೆ ಬರೆಯಿರಿ.

ಆ ಗೆಳತಿಗೆ ಈಗಲೂ ಹೊಸ ರಚನೆಗಳನ್ನು ಕಳುಹಿಸುತ್ತೇನೆ. ಕಳುಹಿಸುವ ಮುನ್ನ ಹಾಳೆಯಲ್ಲಿ ಪ್ರತಿ ತುಣುಕಿನ ಕೊನೆಯ ಬಾರ್ ಅನ್ನೇ ಮೊದಲು ಓದುತ್ತೇನೆ. ನಡುವೆ ಎಲ್ಲಿ ಮೇಲ್ಚುಕ್ಕೆ ಬಿದ್ದುಹೋಗಿದ್ದರೂ ಅದು ಅಲ್ಲಿ ಕಾಣಿಸುತ್ತದೆ.