ಕತ್ತಲಲ್ಲಿಟ್ಟ ಹೆಸರುಕಾಳೇ ಉದ್ದ ಬಂತು! ಈಗೇನ್ ಮಾಡೋದು?

ಪ್ರಶ್ನೆ: ಮೇಡಂ, ನನ್ ಮಗಳು ಎಂಟನೇ ಕ್ಲಾಸು. ಸೈನ್ಸ್ ಎಕ್ಸಿಬಿಷನ್‌ಗೆ ಅಂತ ಎರಡು ಲೋಟದಲ್ಲಿ ಹೆಸರುಕಾಳು ಹಾಕಿ ಒಂದನ್ನ ಕಿಟಕಿ ಹತ್ರ, ಇನ್ನೊಂದನ್ನ ಬೀರು ಒಳಗೆ ಇಟ್ಟಿದ್ಲು. ಗಿಡಕ್ಕೆ ಬೆಳಕು ಬೇಕು ಅಂತ ತೋರಿಸ್ಬೇಕಿತ್ತು, ನೋಡಿದ್ರೆ ಬೀರುವಲ್ಲಿ ಇಟ್ಟಿದ್ದೇ ಎರಡರಷ್ಟು ಉದ್ದ ಆಗಿದೆ. ಟೀಚರು "ಉಲ್ಟಾ ಬಂದಿದೆ, ರೀಡಿಂಗ್ ಸರಿ ಮಾಡ್ಕೊಂಡು ಬಾ" ಅಂದ್ರಂತೆ.
– ಒಬ್ಬ ತಾಯಿ, ಹಾವೇರಿ

ಉತ್ತರ: ಆ ರೀಡಿಂಗ್ ಮಾತ್ರ ಅಳಿಸ್ಬೇಡಿ ಅಮ್ಮ. ಉಲ್ಟಾ ಏನೂ ಬಂದಿಲ್ಲ, ಬರ್ಬೇಕಾದ್ದೇ ಬಂದಿದೆ. ಕತ್ತಲಲ್ಲಿರೋ ಕಾಳಿಗೆ ಬೀರು ಯಾವ್ದು ಮಣ್ಣು ಯಾವ್ದು ಗೊತ್ತಾಗಲ್ಲ, ಒಳಗಿರೋ ಬುತ್ತಿ ಖಾಲಿ ಆಗೋದ್ರೊಳಗೆ ಬೆಳಕು ಮುಟ್ಬೇಕು ಅಂತ ಎಲೆಗೂ ಹಸಿರಿಗೂ ಖರ್ಚು ಮಾಡ್ದೆ ಕಾಂಡ ಒಂದನ್ನೇ ಎಳೀತಾ ಹೋಗುತ್ತೆ. ಇದಕ್ಕೆ ಇಟಿಯೋಲೇಷನ್ ಅಂತಾರೆ. ನಿಮ್ ಕಡೆ ನವರಾತ್ರಿಗೆ ಘಟ್ಟ ಹಾಕಿದಾಗ (ಮಣ್ಣಲ್ಲಿ ಕಾಳು ಬಿತ್ತಿ ಘಟ ಇಟ್ಟಾಗ) ದೇವರ ಮನೆ ಮೂಲೇಲಿ ಹಳದಿ ಹಳದಿಯಾಗಿ ಉದ್ದ ಸಸಿ ಬರುತ್ತಲ್ಲ, ಅದೂ ಇದೇನೇ.

ಹಾಗಾಗಿ ಪ್ರಾಜೆಕ್ಟಿನ ಪ್ರಶ್ನೆ ಬದಲಾಯಿಸಿ: ಉದ್ದ ಆಗೋದೂ ಬೆಳೆಯೋದೂ ಒಂದೇನಾ? ಸ್ಕೇಲ್ ಜೊತೆ ತೂಕವೂ ಬೇಕು. ಒಂದೇ ಗಾತ್ರದ ಕಾಳು ಆರಿಸಿ ತಲಾ 50ರ ಮೂರು ಪಾಲು ಮಾಡಿ, ಒಂದು ಪಾಲು ಬಿತ್ತದೆ ಹಾಗೇ ಇಡಿ, ಉಳಿದ ಎರಡನ್ನ ರಾತ್ರಿ ನೆನೆಸಿ ಒದ್ದೆ ಬಟ್ಟೆ ಮೇಲೆ ಹರಡಿ, ಒಂದನ್ನ ಬೆಳಕಲ್ಲಿ, ಇನ್ನೊಂದನ್ನ ಕತ್ತಲಲ್ಲಿ ಇಡಿ. ಮಣ್ಣು ಬೇಡ, ಬೇರಿಗೆ ಅಂಟಿ ತೂಕ ಕೆಡಿಸುತ್ತೆ. ಎರಡು ವಾರ ಆದ್ಮೇಲೆ ಬೇರು ಸಮೇತ ತೆಗ್ದು, ತೂಕ ಇಳಿಯೋದು ನಿಲ್ಲೋವರೆಗೂ ಬಿಸಿಲಲ್ಲಿ ಒಣಗಿಸಿ, ಬಿತ್ತದೇ ಇಟ್ಟ ಕಾಳನ್ನೂ ಜೊತೆಗೇ ಒಣಗಿಸಿ. 50 ಕಾಳು ಸುಮಾರು 2 ಗ್ರಾಂ ಅಷ್ಟೇ ಬರೋದು, ಅಡುಗೆಮನೆ ತಕ್ಕಡಿಗೆ ಅದು ಸಿಗಲ್ಲ, ಪರಿಚಯದ ಚಿನ್ನದಂಗಡಿ ಇದ್ರೆ ಅಲ್ಲಿ ತೂಗಿಸ್ಕೊಳ್ಳಿ. ಕತ್ತಲಿನ ಉದ್ದನೇ ಸಸಿಗಳು ಒಣಗಿದ್ಮೇಲೆ ಬಿತ್ತದ ಕಾಳಿಗಿಂತ ಹಗುರ ಇರುತ್ತೆ, ಯಾಕಂದ್ರೆ ಉಸಿರಾಟದಲ್ಲಿ ಕಾರ್ಬನ್ ಗಾಳಿಗೆ ಹೋಗ್ತಾನೇ ಇತ್ತು, ವಾಪಸ್ ಏನೂ ಬರ್ಲಿಲ್ಲ. ಕಿಟಕೀದೂ ಮೊದಲು ಇಳಿಯುತ್ತೆ, ಎಲೆ ಚೆನ್ನಾಗಿ ಬಿಚ್ಚಿದ್ಮೇಲೆ ಏರೋಕೆ ಶುರು. ಅದಕ್ಕೇ ಎರಡು ವಾರ ಅಂದಿದ್ದು.

ಇನ್ನೊಂದು, ಬೀರು ಬೇಡ. ಅಲ್ಲಿ ಬೆಳಕಷ್ಟೇ ಅಲ್ಲ, ಬಿಸಿಯೂ ಬೇರೆ. ಅದೇ ಕಿಟಕಿ ಹತ್ರ ರಟ್ಟಿನ ಡಬ್ಬ ಮುಚ್ಚಿಡಿ, ಡಬ್ಬ ಬಿಸಿಲಿಗೆ ಕಾಯದ ಹಾಗೆ ಬಿಳಿ ಪೇಪರ್ ಸುತ್ತಿ. ದಿನಾ ತೆಗ್ದು ತೆಗ್ದು ನೋಡೋದನ್ನೂ ಬಿಡ್ಬೇಕು (ಮಕ್ಕಳಿಗೆ ಇದೇ ಕಷ್ಟ!), ಗಿಡದೊಳಗಿನ ಫೈಟೋಕ್ರೋಮ್ ಅನ್ನೋ ಪ್ರೋಟೀನಿಗೆ ಕೆಲವೇ ನಿಮಿಷದ ಬೆಳಕು ಸಾಕು, ಕಾಂಡದ ಓಟ ನಿಧಾನ ಆಗಿಬಿಡುತ್ತೆ. ನಡುವೆ ಅಳತೆ ಬೇಕೇ ಬೇಕು ಅಂದ್ರೆ ಬೇರೆ ಬೇರೆ ಲೋಟ ಇಟ್ಟು ಒಂದೊಂದನ್ನ ಒಂದೊಂದ್ ದಿನ ತೆಗೀರಿ, ತೆಗೆದದ್ದನ್ನ ವಾಪಸ್ ಇಡ್ಬೇಡಿ. ಟೀಚರ್ ಜೊತೆ ಜಗಳ ಬೇಡ, ಮೂರೂ ತೂಕ ಮುಂದಿಡಿ ಸಾಕು.

ಪ್ರಶ್ನೆ: ಮಕ್ಕಳ ವಿಜ್ಞಾನ ಸಮಾವೇಶಕ್ಕೆ ಹಾಡು ಕೇಳಿಸಿ ಟೊಮೆಟೊ ಬೆಳೆಸೋ ಪ್ರಾಜೆಕ್ಟ್ ಮಾಡ್ಬಹುದಾ ಅಕ್ಕ?
– ಒಂಬತ್ತನೇ ಕ್ಲಾಸ್ ಹುಡುಗ, ಮಂಡ್ಯ

ಉತ್ತರ: ಮಾಡ್ಬಹುದು ಕಣಪ್ಪ, ಆದ್ರೆ ನಂಗೆ ಅಷ್ಟೇನೂ ಇಷ್ಟ ಇಲ್ಲ. ಹಾಡು ಕೇಳೋ ಗಿಡದ ಹತ್ರ ನೀನೂ ಜಾಸ್ತಿ ಹೊತ್ತು ಕೂರ್ತೀಯ, ನೀರೂ ಒಂದು ಕೈ ಜಾಸ್ತಿ ಬೀಳುತ್ತೆ, ಆಮೇಲೆ ಗಿಡ ಬೆಳೆದಿದ್ದು ಹಾಡಿಗಾ ನೀರಿಗಾ ಹೇಳೋದು ಹೇಗೆ? 1993ರಿಂದ ನಡೀತಿರೋ ಈ ಸಮಾವೇಶದಲ್ಲಿ 10ರಿಂದ 17 ವರ್ಷದ ಮಕ್ಕಳಿಗೆ ಕೇಳೋದೇ ನಿಮ್ಮೂರಿನ ಸಮಸ್ಯೆ ಹುಡುಕಿ ಅಂತ. ನಿಮ್ ಕಡೆ ನಾಲೆ ನೀರಿನ ಗದ್ದೆಗಳಲ್ಲಿ ಚೌಳು (ಉಪ್ಪೇರಿದ ಮಣ್ಣು) ಇದ್ಯಲ್ಲ, ಅದನ್ನೇ ಹಿಡ್ಕೋ. ಲೀಟರ್ ನೀರಿಗೆ 2, 4, 8 ಗ್ರಾಂ ಉಪ್ಪು, ಒಂದು ಬರೀ ನೀರು, ಇಷ್ಟರಲ್ಲೂ ರಾಗಿ, ಭತ್ತ, ಹೆಸರು ಎಷ್ಟೆಷ್ಟು ಮೊಳಕೆ ಒಡೆಯುತ್ತೆ ಎಣಿಸು. ಒಂದೊಂದು ತಟ್ಟೆಗೆ 25 ಕಾಳು, ಒಂದೊಂದಕ್ಕೂ ಮೂರ್ಮೂರು ತಟ್ಟೆ. ಎಣಿಸೋವಾಗ ಯಾವ ತಟ್ಟೆ ಯಾವ ಉಪ್ಪಿಂದು ಅಂತ ಗೊತ್ತಿಲ್ಲದ ಫ್ರೆಂಡ್ ಎಣಿಸಲಿ, ನೀನು ಬರ್ಕೋ. ಆಮೇಲೆ ರೈತರ ಹತ್ರ ಹೋಗಿ ಅವ್ರು ಚೌಳಲ್ಲಿ ಏನ್ ಹಾಕ್ತಾರೆ ಕೇಳು, ನಿನ್ ಲೆಕ್ಕದ ಜೊತೆ ಹೋಲಿಸಿ ನೋಡು.

ಪ್ರಶ್ನೆ: ಶಾಲೆ ಕೈತೋಟ ಪ್ರತಿ ಬೇಸಿಗೆ ರಜೆಯಲ್ಲಿ ಒಣಗಿ ಹೋಗುತ್ತೆ, ಮಕ್ಕಳಿಗೆ ಬೇಜಾರು.
– ಶಿಕ್ಷಕಿ, ತುಮಕೂರು ಜಿಲ್ಲೆ

ಉತ್ತರ: ಏಪ್ರಿಲ್ ಮೇನಲ್ಲಿ ತರಕಾರಿ ಉಳಿಸೋ ಆಸೆ ಬಿಡಿ. ಜೂನಲ್ಲಿ ಶಾಲೆ ಶುರುವಾದ ತಕ್ಷಣ ಬಿತ್ತಿದ್ರೆ ಹರಿವೆ, ಮೆಂತ್ಯ ಒಂದೇ ತಿಂಗಳಿಗೆ ಕೈಗೆ ಬರುತ್ತೆ, ಬೆಂಡೆ, ಅಲಸಂದೆ ದಸರಾ ರಜೆಯೊಳಗೆ. ವರ್ಷಪೂರ್ತಿ ಇರ್ಬೇಕು ಅನ್ನೋ ನುಗ್ಗೆ, ಕರಿಬೇವನ್ನ ಮಾತ್ರ ಮಳೆ ಶುರುವಲ್ಲೇ ನೆಡಿ, ಬೇಸಿಗೆ ಹೊತ್ತಿಗೆ ಬೇರು ಇಳಿದಿರುತ್ತೆ, ಆಮೇಲೆ ಬುಡಕ್ಕೆ ದಪ್ಪಗೆ ಒಣ ಎಲೆ ಮುಚ್ಚಿ. ಮೊದಲ ಬೇಸಿಗೆಗೆ ವಾರಕ್ಕೆರಡು ಸಲ ನೀರು ಹಾಕೋಕೆ ಶಾಲೆ ಪಕ್ಕದ ಮನೆಯವ್ರನ್ನ ಕೇಳಿ ನೋಡಿ, ನುಗ್ಗೆಕಾಯಲ್ಲಿ ಅವ್ರಿಗೂ ಪಾಲು ಕೊಡ್ತೀವಿ ಅನ್ನಿ.